ತೊಟ್ಟಿಯೊಳಗಿನ ಹೊಸ ಎಲೆ

ಅವಳು ಸ್ಪ್ರೇ ಬಾಟಲಿಯ ಮೂತಿ ತಿರುಗಿಸಿ, ಗಂಡನ ಎದೆಯ ಮೇಲಿದ್ದ ಬಿಳಿ ಹೂಚಕ್ರಕ್ಕೆ ಮತ್ತೊಮ್ಮೆ ನೀರು ಚಿಮುಕಿಸಿದಳು. ಹನಿಗಳು ಎಸಳುಗಳ ಮೇಲೆ ನಿಂತವು.

“ಬೆಳಿಗ್ಗೆಯಿಂದ ಹಾಗೇ ಇದೆಯಲ್ಲೇ, ಒಂದೆಸಳೂ ಮುದುಡಿಲ್ಲ,” ಎಂದಳು ಗಂಡನ ಅಕ್ಕ. ಅತ್ತೂ ಅತ್ತೂ ಕಣ್ಣು ಊದಿ, ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ನನ್ನ ತಮ್ಮನ ಪುಣ್ಯ ಕಣೇ. ಎಲ್ಲಿಂದ ತಂದೆ?”

“ಗೊತ್ತಿರೋ ಅಂಗಡಿ, ಅತ್ತಿಗೆ.”

ಅವಳಿಗೆ ನಿನ್ನೆಯಿಂದ ಅಳು ಬಂದಿರಲಿಲ್ಲ. ಮೂಲೆಯಲ್ಲಿ ಮೀನಿನ ತೊಟ್ಟಿಯ ಮೋಟರು ಗುರುಗುಡುತ್ತಿತ್ತು. ಬಂದವರು ಶವಪೆಟ್ಟಿಗೆಯ ಪಕ್ಕ ತಲೆ ತಗ್ಗಿಸಿ ನಿಂತು, ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಮೀನುಗಳನ್ನು ನೋಡುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಗಂಡನ ಪಾಲುದಾರನಾಗಿದ್ದ ದಪ್ಪ ಮನುಷ್ಯನೂ ಅಲ್ಲೇ ನೋಡಿದ.

“ಏನು ನಗಿಸೋನು ರೀ ಇವನು! ನಿನ್ನೆ ಗಿರಾಕಿಗೆ ‘ಕೆಳಗಿನ ಸಾಲು ಓದಿ’ ಅಂದವನೇ ಕುಸಿದುಬಿಟ್ಟ. ಆ ಗಿರಾಕಿ ಅದೂ ತಮಾಷೆ ಅಂದ್ಕೊಂಡು ನಗ್ತಾನೇ ಇದ್ದ.” ಮೂಗು ಒರೆಸಿಕೊಂಡು ಅಕ್ಕನ ಕಡೆ ತಿರುಗಿದ. “ಅದೇ, ಆ ಗಿಡದ ಕತೆ...”

“ಅಯ್ಯೋ, ಅದನ್ನ ನೆನಪಿಸಬೇಡಿ!” ಅಕ್ಕ ಅಳುವಿನ ನಡುವೆಯೇ ನಕ್ಕಳು. ಆಮೇಲೆ ತಾನೇ ಹೇಳತೊಡಗಿದಳು.

\*

ತೊಟ್ಟಿ ತಂದ ದಿನವೇ ಜಗಳವಾಗಿತ್ತು.

“ನಿಜವಾದ ಗಿಡದ ತಲೆನೋವು ಯಾಕೆ?” ಎಂದಿದ್ದ ಗಂಡ. “ಕೊಳೆಯುತ್ತೆ, ಅದರ ಜೊತೆ ಬಸವನಹುಳು ಬರುತ್ತೆ. ಅಕ್ಕನ ಅಂಗಡೀಲಿ ಬಟ್ಟೆಯವು ಇವೆ, ನಿಜದ್ದಕ್ಕಿಂತ ಚೆಂದ.” ಅಕ್ಕ ಮಾರುತ್ತಿದ್ದದ್ದೇ ಕೃತಕ ಹೂ, ಕೃತಕ ಬಳ್ಳಿ.

“ನಿಜವಾದ ಗಿಡ ಮೀನಿನ ಕೊಳಕನ್ನ ಹೀರಿಕೊಳ್ಳುತ್ತೆ ರೀ. ನೀರು ತಿಳಿಯಾಗಿರುತ್ತೆ.” ಅವಳು ಓದಿದ್ದು ಸಸ್ಯಶಾಸ್ತ್ರ. ಮದುವೆಯಾದ ಮೇಲೆ ಆ ಓದಿಗೆ ಸಿಕ್ಕ ಜಾಗ ಆ ತೊಟ್ಟಿಯೊಂದೇ. ಅವನು ಸೋತವನಂತೆ ಎರಡೂ ಕೈ ಎತ್ತಿದ್ದ.

ಅವಳು ತವರಿಗೆ ಹೋಗಿ ಬರುವಷ್ಟರಲ್ಲಿ ಅಕ್ಕ ತಮ್ಮ ಸೇರಿ ಅವಳು ನೆಟ್ಟಿದ್ದ ಗಿಡಗಳನ್ನು ಕಿತ್ತು ಕಸಕ್ಕೆಸೆದು, ಅಂಥವೇ ಬಟ್ಟೆಯ ಗಿಡಗಳನ್ನು ಮರಳಲ್ಲಿ ಊರಿದ್ದರು. ನೀರಿನ ಸೆಳೆತಕ್ಕೆ ಅವೂ ತಲೆದೂಗುತ್ತಿದ್ದವು. ಅವಳಿಗೆ ತಿಳಿಯಲಿಲ್ಲ. ಆ ಚಳಿಗಾಲವಿಡೀ ಬೆಳಿಗ್ಗೆ ಎದ್ದು ದೀಪ ಹಾಕಿದಳು, ಗೊಬ್ಬರದ ನೀರನ್ನು ಹನಿಹನಿಯಾಗಿ ಬಿಟ್ಟಳು. ಒಂದು ದಿನ ಕಾಂಡದ ತುದಿಯಲ್ಲಿ ಹೊಸ ಎಲೆ ಕಂಡಿತು. ತವರಿಗೆ ಫೋನು ಮಾಡಿ, “ಅಮ್ಮಾ, ಚಿಗುರಿದೆ!” ಎಂದಳು. ಸ್ವಲ್ಪ ದಿನಕ್ಕೆ ಇನ್ನೊಂದು ಎಲೆ.

ಎಲೆಗಳನ್ನು ಅಕ್ಕ ಕಳಿಸುತ್ತಿದ್ದಳು. ಅವನು ಸಿಕ್ಕಿಸುತ್ತಿದ್ದ.

ಅವನ ಹುಟ್ಟುಹಬ್ಬಕ್ಕೆ ಮನೆ ತುಂಬ ನೆಂಟರು ಕೂತಿದ್ದಾಗ, ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ ಗಿಡವನ್ನು ಎತ್ತಿ ಹಿಡಿದ. ಬೇರಿರಬೇಕಾದಲ್ಲಿ ಸೀಸದ ಗುಂಡು ತೂಗುತ್ತಿತ್ತು. “ಊರಿಗೆಲ್ಲ ಕನ್ನಡಕ ಕೊಡ್ತೀನಿ, ನನ್ನ ಮನೇಲೇ ಕತ್ತಲೆ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಅಮ್ಮನಿಗೆ ಮಾತ್ರ ಹೇಳಲಿಲ್ಲ. ಅಮ್ಮ ಈಗಲೂ ಫೋನಿನಲ್ಲಿ, “ನಿನ್ನ ಗಿಡ ಹೇಗಿದೆ?” ಎಂದು ಕೇಳುತ್ತಾಳೆ.

\*

“...ಪಾಪ, ದಿನಾ ಗೊಬ್ಬರ ಹಾಕೋಳು, ಬಟ್ಟೆ ಗಿಡಕ್ಕೆ!” ಅಕ್ಕ ಕತೆ ಮುಗಿಸಿದಳು. ಪಾಲುದಾರ ಬಾಯಿಗೆ ಕೈ ಅಡ್ಡ ಹಿಡಿದ, ನಗುವಿಗೆ ಹೆಗಲು ಕುಲುಕಿತು.

ನಿನ್ನೆ ಸಂಜೆ, “ನನ್ನ ತಮ್ಮನಿಗೆ ತಾಜಾ ಹೂವೇ ಆಗಬೇಕು,” ಎಂದು ಅಕ್ಕ ಹಟ ಹಿಡಿದಿದ್ದಳು. ಅವಳು ತಲೆಯಾಡಿಸಿ ಹೊರಟು, ನೇರವಾಗಿ ಅಕ್ಕನ ಅಂಗಡಿಗೇ ಹೋಗಿ, ಗಾಜಿನ ಕಪಾಟಿನಿಂದ ಈ ಹೂಚಕ್ರವನ್ನು ಇಳಿಸಿಕೊಂಡು ಬಂದಿದ್ದಳು. ಆ ಗಿಡದ ಲೆಕ್ಕ ಅವನಲ್ಲಿ ಕೇಳುವ ಕಾಲ ಮುಗಿದಿತ್ತು. ಅಕ್ಕ ಉಳಿದಿದ್ದಳು.

ಹೊರಗೆ ವಾಹನ ಬಂದು ನಿಂತಿತು. ಅಕ್ಕ ಕನ್ನಡಕ ಹಾಕಿಕೊಂಡು ಎದ್ದು, ತಮ್ಮನ ಎದೆಯ ಮೇಲೆ ಬಾಗಿ, ಹೂಗಳಲ್ಲಿ ಮುಖವಿಟ್ಟಳು. ಅಳು ಅರ್ಧಕ್ಕೇ ನಿಂತಿತು. ಬೆರಳು ಎಸಳಿನ ಅಂಚನ್ನು ಹಿಚುಕಿತು, ಕೆಳಗಿಳಿದು ತಂತಿಯನ್ನು ಮುಟ್ಟಿತು. ತಂತಿಗೆ ಸುತ್ತಿದ ಹಸಿರು ಟೇಪು ಅಕ್ಕನ ಕೈಕೆಲಸವೇ.

ಅಕ್ಕ ತಲೆಯೆತ್ತಿ ಅವಳನ್ನು ನೋಡಿದಳು. ಅವಳು ಕಣ್ಣು ಕದಲಿಸಲಿಲ್ಲ.

“ಏನಾಯ್ತಮ್ಮ?” ಎಂದ ಪಾಲುದಾರ.

ಕೋಣೆ ತುಂಬ ಜನ. ಬೆಳಗಿನಿಂದ ಬಂದವರಿಗೆಲ್ಲ ಈ ಹೂವನ್ನು ತೋರಿಸಿ ಹೊಗಳಿದವಳು ಅಕ್ಕನೇ.

“ಏನಿಲ್ಲ,” ಎಂದಳು ಅಕ್ಕ.

ಅವಳು ಬಾಟಲಿಯನ್ನು ಅಕ್ಕನ ಕೈಗಿಟ್ಟು, ಆ ಬೆರಳುಗಳನ್ನು ತಾನೇ ಮಡಚಿದಳು. “ದೂರದ ದಾರಿ, ಅತ್ತಿಗೆ. ಬಿಸಿಲಿಗೆ ಬಾಡಿಹೋಗುತ್ತೆ. ನೀವೇ ಹಾಕ್ತಾ ಇರಿ.”

“ಹೌದಮ್ಮ, ಹಾಕಿ,” ಎಂದ ಪಾಲುದಾರ. “ಒಡಹುಟ್ಟಿದವರ ಕೈಯಿಂದಲೇ ಆಗಲಿ.”

ಎಲ್ಲರೂ ದಾರಿ ಬಿಟ್ಟು ನಿಂತರು. ಅಕ್ಕ ಒಮ್ಮೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ನೀರು ಬಟ್ಟೆಯ ಎಸಳುಗಳಿಂದ ಜಾರಿ, ಅವನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ನಿಧಾನವಾಗಿ ಹರಡುತ್ತಿತ್ತು. ಪೆಟ್ಟಿಗೆ ಎತ್ತಿದವರು ಬಾಗಿಲು ದಾಟಿದರು. ಅಕ್ಕ ಪಕ್ಕದಲ್ಲೇ ನಡೆಯುತ್ತ, ಒತ್ತುತ್ತಲೇ ಇದ್ದಳು.