ಐದನೆಯ ರಿಂಗು

ಚೀಲದ ಬಾಯಿಂದ ಸುರುಳಿ ವೈರಿನ ತುದಿ ಹೊರಗೆ ಇಣುಕಿದೆ, ಬೆಂಚಿನ ಆ ತುದಿಯಲ್ಲಿ ಕೂತವನು ಅದನ್ನೇ ನೋಡುತ್ತಿದ್ದಾನೆ, ಹಾವು ಹಿಡಿದು ತಂದಿದ್ದೇನೆ ಅಂದುಕೊಂಡನೋ ಏನೋ, ಅಂದುಕೊಳ್ಳಲಿ, ಹಿಡಿದು ತಂದದ್ದಂತೂ ನಿಜ, ಇಪ್ಪತ್ತೇಳು ವರ್ಷ ನಡುಮನೆಯ ಮೂಲೆಯಲ್ಲಿ ಹೆಡೆ ಎತ್ತಿ ಕೂತಿದ್ದನ್ನು ಬೆಳಿಗ್ಗೆ ಗೋಡೆಯಿಂದ ಕಿತ್ತು, ಹಳೇ ಟವೆಲ್ಲಿನಲ್ಲಿ ಸುತ್ತಿ, ತರಕಾರಿ ಚೀಲಕ್ಕೆ ತುರುಕಿ, ಟೆಲಿಫೋನ್ ಕಚೇರಿಗೆ ತಂದು ಕೂತಿದ್ದೇನೆ, ನನ್ನ ಟೋಕನ್ನು ಮೂವತ್ತೇಳು, ಕೌಂಟರಿನ ಮೇಲೆ ಕೆಂಪಗೆ ಉರಿಯುತ್ತಿರುವುದು ಮೂವತ್ತೊಂದು, ಗೋಡೆ ಗಡಿಯಾರದಲ್ಲಿ ಹತ್ತೂ ನಲವತ್ತು — ಹತ್ತೂ ನಲವತ್ತಕ್ಕೆ ನಾನು ಮನೆಯಾಚೆ! — ಈ ಹೊತ್ತಿನಲ್ಲಿ ಊರು ಹೀಗಿರುತ್ತದೆಂದು ಯಾರೂ ಹೇಳಿರಲಿಲ್ಲ, ಅಂಗಡಿಯವರು ಮೆಟ್ಟಿಲಿಗೆ ನೀರು ಹಾಕಿ ತೊಳೆಯುತ್ತಾರೆ, ಬ್ಯಾಂಕಿನ ಕಾವಲುಗಾರ ಇನ್ನೂ ಟೋಪಿ ಹಾಕಿರುವುದಿಲ್ಲ, ಸೊಪ್ಪು ಸೊಪ್ಪಿನ ಹಾಗೇ ಇರುತ್ತದೆ, ನನಗೆ ಗೊತ್ತಿದ್ದ ಊರು ಹನ್ನೊಂದೂ ಐದಕ್ಕೆ ಶುರುವಾಗಿ ಮೂರೂ ಹತ್ತಕ್ಕೆ ಮುಗಿಯುತ್ತಿತ್ತು, ಬಾಡಿದ ಸೊಪ್ಪು, ತೂಕಡಿಸುವ ಅಂಗಡಿ, ನೆತ್ತಿ ಸುಡುವ ಬಿಸಿಲು, ಆ ಊರಿನಲ್ಲಿ ಯಾರಿಗೂ ನೆರಳಿರಲಿಲ್ಲ, ಇವತ್ತು ಬರುವಾಗ ನೋಡಿದರೆ ಪಕ್ಕದಲ್ಲಿ ಯಾರೋ ಹೆಂಗಸು ನನ್ನ ಜೊತೆಗೇ ಚೀಲ ಹಿಡಿದು ನಡೆಯುತ್ತಿದ್ದಾಳೆ, ನನ್ನದೇ ನೆರಳು, ಪರವಾಗಿಲ್ಲ, ಇನ್ನೂ ಗಟ್ಟಿಮುಟ್ಟಾಗಿದ್ದಾಳೆ.

ಹನ್ನೊಂದಕ್ಕೆ ಒಂದು ಫೋನು, ಮೂರೂ ಕಾಲಿಗೆ ಇನ್ನೊಂದು, ಆಫೀಸಿನಿಂದ ಇವರದ್ದು, ಮದುವೆಯಾದ ಎರಡನೇ ವರ್ಷ ಮನೆಗೆ ಫೋನು ಬಂದ ದಿನದಿಂದ ನಿನ್ನೆಯವರೆಗೆ, ಭಾನುವಾರ ಬಿಟ್ಟು — ಹಲೋ ಅಂದರೆ, ಹಾಂ, ಏನಿಲ್ಲ, ಸುಮ್ನೆ ಮಾಡ್ದೆ, ಎಲ್ಲ ಸರೀನಾ, ಸರಿ, ಇಡ್ಲಾ, ಇಡಿ — ಇಷ್ಟೇ, ಇಷ್ಟಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯೂ ಇಲ್ಲ, ಹೆಚ್ಚು ಕಡಿಮೆಯಾದರೆ ಇವರಿಗೆ ಆಗುವುದಿಲ್ಲ, ಇವರ ನೌಕರಿಯೇ ಅದು, ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು, ತಕ್ಕಡಿ ಸಮ ನಿಲ್ಲುತ್ತದೆಯೇ, ತೂಕದ ಕಲ್ಲಿಗೆ ಈ ವರ್ಷದ ಮುದ್ರೆ ಬಿದ್ದಿದೆಯೇ ಎಂದು ಅಂಗಡಿ ಅಂಗಡಿಗೆ ಹೋಗಿ ನೋಡುವುದು, ಅಂಗಡಿಯವರು ಬೆನ್ನ ಹಿಂದೆ ಇಟ್ಟ ಹೆಸರು ತಕ್ಕಡಿ, ತಕ್ಕಡಿ ಬಂತು ಕಣ್ರೋ ಅಂತ ಒಬ್ಬ ಕೂಗಿದರೆ ಬೀದಿಯುದ್ದಕ್ಕೂ ಗ್ರಾಮುಗಳು ತಮ್ಮಷ್ಟಕ್ಕೆ ತಾವೇ ಸರಿಹೋಗುತ್ತವಂತೆ, ನನಗೂ ದಿನಕ್ಕೆ ಎರಡು ಸಲ ಮುದ್ರೆ ಬೀಳುತ್ತಿತ್ತು, ಇದ್ದಾಳೆ, ಇದ್ದಾಳೆ. ಮೊದಲನೇ ರಿಂಗಿಗೆ ನನ್ನ ಸೂಜಿ ನಿಲ್ಲುತ್ತದೆ, ಎರಡನೆಯದಕ್ಕೆ ಏಳುತ್ತೇನೆ, ಮೂರನೆಯದಕ್ಕೆ ಕೈ ಒರೆಸಿಕೊಳ್ಳುತ್ತೇನೆ, ನಾಲ್ಕನೆಯದು ಮುಗಿಯುವುದರೊಳಗೆ ಎತ್ತಿರುತ್ತೇನೆ, ಐದನೆಯ ರಿಂಗು ಹೇಗಿರುತ್ತದೆಂದು ಈ ಕಿವಿ ಕೇಳಿಯೇ ಇಲ್ಲ, ಒಂದೇ ಒಂದು ಸಲ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ, ಗಾಳಿ, ಸೀರೆ ಪಟಪಟ ಅನ್ನುತ್ತಿತ್ತು, ಕೇಳಿಸಲಿಲ್ಲ, ಕಾಲು ಗಂಟೆಯಲ್ಲಿ ಸ್ಕೂಟರು ಗೇಟಿನಲ್ಲಿ, ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದು ನಿಂತರು, ಯಾಕೆ ಬಂದ್ರಿ, ಏನಿಲ್ಲ, ಸುಮ್ನೆ ಬಂದೆ, ಒಂದು ಲೋಟ ನೀರು ಕುಡಿದು ವಾಪಸು ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇವರು ಕೆಟ್ಟವರಲ್ಲ, ಅದೇ ತೊಂದರೆ, ಕೆಟ್ಟವರಾಗಿದ್ದರೆ ಊರೇ ನನ್ನ ಕಡೆ ಇರುತ್ತಿತ್ತು, ಈಗ ನೋಡಿದರೆ ಊರಿಗೆ ಊರೇ, ನಿಮ್ಮೆಜಮಾನ್ರಿಗೆ ಎಷ್ಟು ಪ್ರೀತಿ ನೋಡಿ, ನಮ್ಮನೇದೂ ಒಂದಿದೆ, ಬದುಕಿದೀಯಾ ಸತ್ತಿದೀಯಾ ಅಂತ ಕೇಳಲ್ಲ, ಅಮ್ಮನ ಹತ್ತಿರ ಒಂದು ಸಲ ಬಾಯಿ ಬಿಟ್ಟೆ, ಹೊಡೀತಾರಾ, ಇಲ್ಲ, ಕುಡೀತಾರಾ, ಇಲ್ಲ, ಮತ್ತೇನು ರೋಗ ನಿಂಗೆ, ದಿನಕ್ಕೆರಡು ಸಲ ವಿಚಾರಿಸ್ಕೋತಾರೆ ಅಂತ ಅಳ್ತಾ ಕೂತಿದೀಯಲ್ಲ, ನಿಮ್ಮಪ್ಪ ನನ್ನನ್ನ ದಿನಕ್ಕೆರಡು ಸಲ ನೋಡಿದ್ರೆ ಅದೇ ಹೆಚ್ಚು. ಅಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಹದಿನೈದು ವರ್ಷ ಬೇಕಾಯಿತು, ಸಿಕ್ಕಿತು, ಈಗ ಅಮ್ಮ ಇಲ್ಲ.

ಮೂವತ್ತಮೂರು. ಇವನೇನು ಇನ್ನೂ ವೈರನ್ನೇ ನೋಡುತ್ತಿದ್ದಾನಲ್ಲ, ಕಚ್ಚಲ್ಲ ಬಿಡಿ ಅನ್ನಬೇಕು, ಟವೆಲ್ಲು ಸರಿ ಮಾಡುವಾಗ ಬೆರಳಿಗೆ ರಿಸೀವರಿನ ಬೆನ್ನು ತಾಗುತ್ತದೆ, ಒರಟು ಒರಟು, ಒಣಗಿದ ಅಂಟು, ನನ್ನದೇ ಬೆರಳುಗಳ ಅಂಟು, ಲೈಬ್ರರಿಯಿಂದ ಹರಿದ ಪುಸ್ತಕಗಳು ಮನೆಗೆ ಬರುತ್ತವೆ, ಎದುರುಮನೆ ಟೀಚರಮ್ಮ ತಂದುಕೊಡುತ್ತಾರೆ, ನಾನು ಹಾಳೆ ಜೋಡಿಸಿ, ದಾರ ಹಾಕಿ ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಇಟ್ಟಿಗೆ ಹೇರಿ ಒಣಗಿಸಿ ಕೊಡುತ್ತೇನೆ, ಹನ್ನೆರಡು ವರ್ಷವಾಯಿತು, ಹೊಲಿಯುತ್ತಾ ಹೊಲಿಯುತ್ತಾ ಓದಿಯೂ ಬಿಡುತ್ತೇನೆ, ನಾನು ಓದಿದಷ್ಟು ಕಾದಂಬರಿ ನಮ್ಮ ಬೀದಿಯಲ್ಲಿ ಯಾರೂ ಓದಿಲ್ಲ, ಆದರೆ ಅರ್ಧಕ್ಕರ್ಧ ಕಾದಂಬರಿಗಳಿಗೆ ಕೊನೆಯ ಹಾಳೆಯೇ ಇಲ್ಲ, ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು, ನನ್ನನ್ನು ಕೇಳಬೇಡಿ, ಹನ್ನೊಂದಕ್ಕೆ ಸರಿಯಾಗಿ ಅಂಟು ಮೆತ್ತಿದ ಕೈಯಲ್ಲೇ ಫೋನು ಎತ್ತಿ ಎತ್ತಿ ರಿಸೀವರಿಗೇ ರಟ್ಟು ಕಟ್ಟಿದ ಹಾಗಾಗಿದೆ. ಎಂಟು ವರ್ಷದ ಹಿಂದೆ ಟೀಚರಮ್ಮ ಕೇಳಿದ್ದರು, ಲೈಬ್ರರಿಯಲ್ಲೇ ಬಂದು ಕೂತ್ಕೋತೀರಾ, ಹತ್ತರಿಂದ ನಾಲ್ಕು, ಮೇಜು ಕೊಡ್ತಾರೆ, ಸಂಬಳ ಕೊಡ್ತಾರೆ, ನಾನು ಅಂದೆ, ಹನ್ನೊಂದಕ್ಕೆ ಫೋನ್ ಬರುತ್ತಲ್ಲ. ಅಷ್ಟೇ ಅಂದೆ, ಹನ್ನೊಂದಕ್ಕೆ ರೈಲು ಬರುತ್ತೆ ಅನ್ನುವ ಹಾಗೆ. ಟೀಚರಮ್ಮ ನಗಲಿಲ್ಲ. ಅವರು ನಕ್ಕಿದ್ದರೆ ಅವತ್ತೇ ಕಿತ್ತು ಎಸೆಯುತ್ತಿದ್ದೆನೋ ಏನೋ. ಹೋದ ವಾರ ಮತ್ತೆ ಕೇಳಿದರು, ಇದೇ ಕೊನೆ ಸಲ ಕೇಳ್ತಿರೋದು, ಇಲ್ಲಾಂದ್ರೆ ಬೇರೆಯವರನ್ನ ತಗೋತಾರಂತೆ, ಬರ್ತೀರಾ, ಬರ್ತೀನಿ ಅಂದುಬಿಟ್ಟೆ, ಸೋಮವಾರದಿಂದ, ಇವರಿಗೆ ಹೇಳಿಲ್ಲ, ಹೇಳಿದರೆ ಇವರು ಬೇಡ ಅನ್ನುವುದಿಲ್ಲ, ಬೇಡ ಅನ್ನುವ ಜಾತಿಯೇ ಅಲ್ಲ, ಸರಿ ಹಾಗಾದ್ರೆ, ಮನೆ ಫೋನ್ ಯಾರೆತ್ತುತ್ತಾರೆ, ಅಂತ ತಣ್ಣಗೆ ಕೇಳುತ್ತಾರೆ, ಆ ಪ್ರಶ್ನೆಗೆ ಉತ್ತರ ಚೀಲದಲ್ಲಿದೆ. ಎತ್ತದ ಫೋನು ತಪ್ಪು, ಇಲ್ಲದ ಫೋನು ತಪ್ಪಲ್ಲ.

ಮೊಬೈಲು ಮಗಳು ಕೊಡಿಸಿದ್ದು, ನರ್ಸು, ಮೊದಲ ಸಂಬಳದಲ್ಲಿ, ಇವರು ತಿರುಗಿಸಿ ಮುರುಗಿಸಿ ನೋಡಿ, ಹೊರಗಡೆ ಹೋದಾಗ ಇರ್ಲಿ, ಮನೆಗೆ ಮನೆ ಫೋನೇ ಸರಿ, ಇದಕ್ಕೆ ಏನು ಗ್ಯಾರಂಟಿ, ಅಂದರು, ಮುದ್ರೆ ಬೀಳದ ತೂಕದ ಕಲ್ಲು ಕಂಡ ಹಾಗೆ, ಮಗಳು ಅಡುಗೆಮನೆಗೆ ಬಂದು ಪಿಸುಗುಟ್ಟಿದಳು, ಅಮ್ಮಾ, ಇದೂ ಹಗ್ಗಾನೇ ಕಣೇ, ಉದ್ದ ಜಾಸ್ತಿ ಅಷ್ಟೆ, ಖುಷಿಪಡಬೇಡ, ನಾನು ಹೇಳಿದೆ, ಹಗ್ಗ ಉದ್ದವಾದರೆ ಮೇಯಲಿಕ್ಕೆ ಜಾಗ ಸಿಗುತ್ತೆ, ನಿಂಗೇನು ಗೊತ್ತು. ಅವಳಿಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ, ಗೋಡೆಯ ಫೋನು ನಾನೆಲ್ಲಿದ್ದೇನೆ ಎಂದು ನನ್ನನ್ನು ಕೇಳದೆಯೇ ಹೇಳಿಬಿಡುತ್ತಿತ್ತು, ಇದಾದರೆ ಇವರು ಕೇಳಬೇಕು, ಎಲ್ಲಿದೀಯಾ, ಅಂತ ಬಾಯಿಬಿಟ್ಟು ಕೇಳಬೇಕು, ಇಪ್ಪತ್ತೇಳು ವರ್ಷದಲ್ಲಿ ಇವರು ನನ್ನನ್ನು ಕೇಳದೇ ಇದ್ದ ಪ್ರಶ್ನೆ ಅದೊಂದೇ. ಮತ್ತೆ ಇನ್ನೊಂದಿದೆ, ಅದೂ ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ, ಆಗ ಅವಳಿಗೆ ನಾಲ್ಕು ವರ್ಷ, ಶಿಶುವಿಹಾರ ಅವತ್ತೊಂದು ದಿನ ಬೇಗ ಬಿಟ್ಟಿತ್ತು, ಕರಕೊಂಡು ಬರುತ್ತಿದ್ದೇನೆ, ಹನ್ನೊಂದಕ್ಕೆ ಎರಡು ನಿಮಿಷ, ಬೇಗ ಬಾ, ಬೇಗ ಬಾರೇ, ಬೂಟು ಕಳಚಿತು ಅಮ್ಮಾ, ಆಮೇಲೆ ಹಾಕೋಣ ಬಾ, ಮನೆಯ ಎದುರು, ರಸ್ತೆ ದಾಟುವುದೊಂದೇ ಬಾಕಿ, ತೆರೆದ ಕಿಟಕಿಯಿಂದ ಮೊದಲನೇ ರಿಂಗು, ಕೈ ಬಿಟ್ಟೆ. ಕೈ ಜಾರಲಿಲ್ಲ. ಬಿಟ್ಟೆ. ಓಡಿದೆ, ಬೀಗ, ಎರಡು, ಬಾಗಿಲು, ಮೂರು, ನಾಲ್ಕು, ಹಲೋ, ಹಾಂ, ಏನಿಲ್ಲ, ಸುಮ್ನೆ ಮಾಡ್ದೆ, ಎಲ್ಲ ಸರೀನಾ, ಸರಿ, ಅಂದೆ, ಸರಿ ಅಂದೆ! ಇಟ್ಟು ಹೊರಗೆ ಬಂದರೆ ನಮ್ಮಿಬ್ಬರ ನಡುವೆ ಒಂದು ಲಾರಿ ಹೋಗುತ್ತಿದೆ, ಉದ್ದದ ಲಾರಿ, ಮುಗಿಯುವುದೇ ಇಲ್ಲ, ಮುಗಿದ ಮೇಲೆ ರಸ್ತೆಯ ಆ ಬದಿ ಅವಳು ನಿಂತಿದ್ದಾಳೆ, ಒಂದು ಕಾಲಿಗೆ ಬೂಟು, ಒಂದು ಕೈಯಲ್ಲಿ ಬೂಟು, ಅಳುತ್ತಿಲ್ಲ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಿ ಮರೆತುಬಿಡುತ್ತಿದ್ದೆ. ನನ್ನ ಬೆನ್ನನ್ನು ಅಷ್ಟು ಹೊತ್ತು ನೋಡಿದ ಕಣ್ಣಿನಿಂದಲೇ ಮುಖವನ್ನೂ ನೋಡಿದಳು, ಅಷ್ಟೇ.

ಮೂವತ್ತೇಳು. ಮೂವತ್ತೇಳು ಯಾರ್ರೀ. ನಾನೇ, ಬಂದೆ, ಚೀಲ ಕೌಂಟರಿನ ಮೇಲಿಟ್ಟು ಟವೆಲ್ಲು ಬಿಚ್ಚಿದೆ, ಕೌಂಟರಿನ ಹುಡುಗಿಗೆ ಮಗಳಷ್ಟೇ ವಯಸ್ಸು, ಅಯ್ಯೋ ಎಷ್ಟು ಹಳೇದಮ್ಮಾ ಇದು, ಅಂತ ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು, ಫಾರಂ ಕೊಡಿ, ಕೊಟ್ಟೆ, ಸಹಿ ಯಜಮಾನ್ರದ್ದೇನಾ, ಅವರದ್ದೇ — ಸುಳ್ಳಲ್ಲ, ಮೊನ್ನೆ ಬೆಳಿಗ್ಗೆ ಇವರು ಶೂ ಲೇಸು ಕಟ್ಟುತ್ತಿರುವಾಗ ಗ್ಯಾಸಿನ ಕಾಗದ, ನೀರಿನ ಕಾಗದ, ನಡುವೆ ಇದು, ಮೂರಕ್ಕೂ ಹಾಕಿದರು, ಊರಿನವರ ಒಂದೊಂದು ಗ್ರಾಮನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುವವರು ಮನೆಯಲ್ಲಿ ನಾನು ಮುಂದಿಟ್ಟ ಕಾಗದವನ್ನು ಒಮ್ಮೆಯೂ ಓದಿದವರಲ್ಲ, ಹೆಂಡತಿ ಮನೆಯಲ್ಲೇ ಇರುವವಳು, ಮನೆಯಲ್ಲಿರುವವಳ ತೂಕ ಯಾಕೆ ನೋಡಬೇಕು — ಕಾರಣ ಬರೆದಿಲ್ವಲ್ಲಮ್ಮ, ಇಲ್ಲಿ ನೋಡಿ, ಸಂಪರ್ಕ ಬಿಡಲು ಕಾರಣ, ಎರಡೇ ಗೆರೆ ಜಾಗ ಕೊಟ್ಟಿದ್ದಾರೆ, ಇಪ್ಪತ್ತೇಳು ವರ್ಷಕ್ಕೆ, ಪೆನ್ನು ಹಿಡಿದು ಯೋಚಿಸಿದೆ, ಬರೆದೆ, ಏನಿಲ್ಲ, ಸುಮ್ಮನೆ. ಹುಡುಗಿ ಓದಿ ನಕ್ಕಳು. ಒಳ್ಳೇ ನಂಬರಮ್ಮ, ಬಿಟ್ರೆ ಮತ್ತೆ ಸಿಗಲ್ಲ, ಸಿಗೋದು ಬೇಡ, ಹಾಗಲ್ಲ, ಕನೆಕ್ಷನ್ ಯಜಮಾನ್ರ ಹೆಸರಲ್ಲಿದೆ, ಅವರನ್ನ ಒಂದು ಮಾತು ಕೇಳ್ಬೇಕು, ರೂಲ್ಸು, ಹುಡುಗಿ ತನ್ನ ಮೇಜಿನ ಫೋನು ಎಳೆದುಕೊಂಡು ಫಾರಂ ನೋಡಿಕೊಂಡು ಒತ್ತುತ್ತಿದ್ದಾಳೆ, ಒಂದೊಂದೇ ಅಂಕಿ, ನನಗೆ ಬಾಯಿಪಾಠವಾದ ಅಂಕಿಗಳು, ಅಯ್ಯೋ ಪುಣ್ಯಾತ್ಗಿತ್ತಿ, ಅವಳು ಮಾಡುತ್ತಿರುವುದು ನಮ್ಮ ಮನೆಗೇ, ಅವರ ದಾಖಲೆಯಲ್ಲಿರುವ ನಂಬರು ಅದೊಂದೇ. ಅದರ ಫೋನು ಇಲ್ಲೇ ನಿಮ್ಮ ಮೊಣಕೈ ಹತ್ತಿರ ಇದೆಯಲ್ಲಮ್ಮ ಅಂದೆ, ಇರ್ಲಿ, ರಿಂಗ್ ಹೋಗುತ್ತೆ, ಲೈನ್ ಕಟ್ ಆಗೋದು ಸಂಜೆಗೇನೇ, ಕೇಳಿ ಬೇಕಾದ್ರೆ, ಅಂತ ಸ್ಪೀಕರಿಗೆ ಹಾಕಿದಳು, ಹೋಗುತ್ತಿದೆ, ನಮ್ಮ ಮನೆಯೊಳಗೆ, ಯಾರೂ ಇಲ್ಲದ ನಡುಮನೆಗೆ, ಫೋನೇ ಇಲ್ಲದ ಗೋಡೆಗೆ, ಹೊರಗೆ ನಿಂತು ಕೇಳಿದರೆ ಹೀಗಿರುತ್ತದೆಯೇ, ಒಂದು, ಎರಡು, ಇವರು ದಿನಾ ಕೇಳಿಸಿಕೊಂಡದ್ದು ಇದನ್ನು, ಮೂರು, ನನ್ನ ಕೈ ತಾನಾಗಿ ಸೆರಗಿಗೆ ಹೋಗಿ ಒರೆಸಿಕೊಳ್ಳುತ್ತಿದೆ, ಥೂ ಸುಮ್ಮನಿರು ಅಂದೆ ಕೈಗೆ, ನಾಲ್ಕು, ಐದು. ಏನೂ ಆಗಲಿಲ್ಲ. ಐದನೆಯದು ನಾಲ್ಕನೆಯದರ ಹಾಗೇ ಇದೆ. ಗಡಿಯಾರದಲ್ಲಿ ಹನ್ನೊಂದು, ಈಗ ಇವರು ಅಲ್ಲಿ ನಂಬರು ಒತ್ತಿದರೆ ಎಂಗೇಜು, ಹನ್ನೊಂದು ಗಂಟೆಗೆ ನಾನು ಎಂಗೇಜು! — ಯಾರೂ ಎತ್ತುತ್ತಿಲ್ಲ ಅಂತ ಹುಡುಗಿ ಇಟ್ಟಳು, ಎತ್ತೋಳು ಇಲ್ಲಿದೀನಲ್ಲ ಅಂದೆ.

ಮುದ್ರೆಯನ್ನು ಮಸಿಗೆ ಅದ್ದಿ ಹುಡುಗಿ ಕೈ ಎತ್ತಿದ್ದಾಳೆ, ಅಷ್ಟರಲ್ಲಿ ಪರ್ಸಿನೊಳಗೆ ಮೊಬೈಲು, ಮೊದಲನೇ ಸಲ ಹನ್ನೊಂದಕ್ಕೆ ಮೊಬೈಲು, ತೆಗೆದರೆ ಅದರಲ್ಲಿ ಮಗಳು ತುಂಬಿಸಿಕೊಟ್ಟ ಹೆಸರು, ಅಪ್ಪ, ಹುಡುಗಿಯ ಕೈ ಗಾಳಿಯಲ್ಲೇ ನಿಂತಿದೆ, ಯಜಮಾನ್ರಾ, ಒಳ್ಳೇದೇ ಆಯ್ತು, ಎತ್ತಿ, ಕೊಡಿ ಇಲ್ಲಿ, ಒಂದು ಮಾತು ಕೇಳ್ಬಿಡ್ತೀನಿ, ಕೇಳಿದರೆ ಇವರು ಬೇಡ ಅನ್ನುವುದಿಲ್ಲ, ಯಾಕೆ ಅನ್ನುತ್ತಾರೆ, ತಣ್ಣಗೆ, ಯಾಕೆ, ಎಂಬುದೊಂದು ಸಾಕು, ನಾನು ಫೋನಿಗೆ ಟವೆಲ್ಲು ಸುತ್ತಿ ವಾಪಸು ಹೋಗಿ ಗೋಡೆಗೆ ಸಿಕ್ಕಿಸುತ್ತೇನೆ, ಸೋಮವಾರ ಬೇರೆ ಯಾರೋ ಆ ಮೇಜಿನಲ್ಲಿ ಕೂತು ಹೊಲಿಯುತ್ತಾಳೆ, ಎರಡನೆಯ ರಿಂಗು, ಇವರದ್ದೇ, ಅಂದೆ, ಎತ್ತಲ್ಲ, ನೀವು ಒತ್ತಿ. ಅಲ್ಲಮ್ಮ, ಅಂತ ಹುಡುಗಿ — ಸಹಿ ಅವರದ್ದು, ಫೋನು ಎತ್ತಿದವಳು ನಾನು, ಇಪ್ಪತ್ತೇಳು ವರ್ಷ, ಒತ್ತಿ. ಮೂರು. ಹುಡುಗಿ ನನ್ನ ಮುಖ ನೋಡಿದಳು, ರಿಸೀವರಿನ ಮೇಲೆ ಒಣಗಿದ ಅಂಟಿನ ಬೆರಳಚ್ಚುಗಳನ್ನು ನೋಡಿದಳು, ಏನು ಕಂಡಳೋ, ಠಪ್ಪೆಂದು ಒತ್ತಿದಳು, ನಾಲ್ಕು, ಅಂಗೈಯಲ್ಲಿ ಮೊಬೈಲು ಹಿಡಿದ ಹಕ್ಕಿಯ ಹಾಗೆ ನಡುಗುತ್ತಿದೆ, ಸ್ಕೂಟರು ಹತ್ತಿ ಬರಲಿ, ಬೀಗ ನೋಡಲಿ, ಸಂಜೆ ಕೇಳಲಿ, ಹೇಳುತ್ತೇನೆ, ಸೋಮವಾರದ್ದೂ ಹೇಳುತ್ತೇನೆ, ನಿಂತುಕೊಂಡೇ ಹೇಳುತ್ತೇನೆ, ಐದು, ಬಾಗಿಲಾಚೆ ರಸ್ತೆ, ಆರು, ಏನೋ ಹೇಳಬೇಕೆಂದಿದ್ದೆ, ಏಳು, ರಸ್ತೆಯ ಆ ಬದಿ, ಒಂದು ಕಾಲಿಗೆ ಬೂಟು, ಒಂದು ಕೈಯಲ್ಲಿ ಬೂಟು, ಅಳುತ್ತಿಲ್ಲ, ಎಂಟು, ಒಂದು ಕಾಲಿಗೆ ಬೂಟು, ಒಂದು ಕೈಯಲ್ಲಿ ಬೂಟು