ಪಿಯಾನೋದೊಳಗಿನ ಬಲ್ಬು

ಒತ್ತಿದ ಕೀ ಮೇಲೇಳಲಿಲ್ಲ. ಲಿಯೊಕಾಡಿಯಾ ಉಗುರಿನಿಂದ ಮೀಟಿ ಎತ್ತಿ ಮತ್ತೆ ಒತ್ತಿದಳು. ಮತ್ತೆ ಅಲ್ಲೇ ಕೂತಿತು. ನಿನ್ನೆ ಮೂರು ಕೀ ಹೀಗಾಗಿದ್ದವು, ಇವತ್ತು ಏಳು.

ಮತಾನ್ಸಾಸ್ ಊರಿನ ಸಮುದ್ರದ ಗಾಳಿಗೆ ಡಬ್ಬಿಯಲ್ಲಿಟ್ಟ ಉಪ್ಪೇ ನೀರಾಗುತ್ತದೆ, ಇನ್ನು ಮರದ ಪಿಯಾನೋ ಯಾವ ಲೆಕ್ಕ? ಅದಕ್ಕೇ ಅವಳ ತಾಯಿ ಪಿಯಾನೋದ ಹೊಟ್ಟೆಯೊಳಗೆ ಅರವತ್ತು ವ್ಯಾಟಿನ ಬಲ್ಬೊಂದನ್ನು ಸದಾ ಉರಿಸುತ್ತಿದ್ದಳು. ತಾಯಿಯ ನಂತರ ಮಗಳೂ ಅದನ್ನೇ ಮಾಡಿದಳು. ಪಾಠ ಹೇಳಿ ಬದುಕುವ ಒಂಟಿ ಹೆಂಗಸಿಗೆ ಆ ಪಿಯಾನೋ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ತಿಂಗಳ ಹಿಂದೆ ಸರ್ಕಾರದ ಕಡೆಯವರು ಮನೆಮನೆಗೆ ಬಂದು ಹಳೆಯ ಬಲ್ಬುಗಳನ್ನು ಒಯ್ದು, ಕರೆಂಟು ಉಳಿಸುವ ಬಿಳಿ ಸುರುಳಿ ಬಲ್ಬುಗಳನ್ನು ಪುಕ್ಕಟೆ ಕೊಟ್ಟಿದ್ದರು. "ಇನ್ನೊಂದಿದೆ, ತಾಳಿ" ಎಂದು ಲಿಯೊಕಾಡಿಯಾ ತಾನೇ ಪಿಯಾನೋದ ಮುಚ್ಚಳ ತೆಗೆದು ಕೊಟ್ಟಳು. ಅಲ್ಲಿಗೂ ಹೊಸದನ್ನೇ ಹಾಕಿಸಿದಳು. ತೇವವನ್ನು ಓಡಿಸುವುದು ಬೆಳಕು ಎಂದೇ ಅವಳ ನಂಬಿಕೆ. ಕರೆಂಟಿನ ಬಿಲ್ಲು ಅರ್ಧಕ್ಕಿಳಿದಾಗ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಪಕ್ಕದ ಬೇಕರಿಯ ಎವೆಲಿಯೊ ಬ್ರೆಡ್ಡು ಕೊಡಲು ಬಂದಾಗ ಅವಳು ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಅವನು ಪಿಯಾನೋದೊಳಗೆ ಕೈ ಹಾಕಿ ಬಲ್ಬನ್ನು ಮುಟ್ಟಿ ನೋಡಿದ.

"ಟೀಚರಮ್ಮ, ಇದು ತಣ್ಣಗಿದೆಯಲ್ಲ. ಬೆಳಕಿಗೆ ಎಲ್ಲಾದ್ರೂ ಬಟ್ಟೆ ಒಣಗತ್ತಾ? ಕೆಲಸ ಮಾಡ್ತಿದ್ದಿದ್ದು ಆ ಹಳೇದರ ಬಿಸಿ."

"ಹಾಗಾದ್ರೆ ನಾನೇ ಕೈಯಾರೆ ಕೊಂದೆ ಅನ್ನು. ತೇವಕ್ಕೆ ಒಳಗಿನ ಮರದ ಅಂಟು ಬಿಟ್ಟರೆ ಪಿಯಾನೋ ಕಥೆ ಮುಗೀತು. ಹಳೇ ಬಲ್ಬು ಎಲ್ಲೂ ಸಿಗಲ್ವಲ್ಲೋ."

"ಯಾಕೆ ಬೇಕು? ಇಪ್ಪತ್ತು ವರ್ಷದಿಂದ ನನ್ನ ಒಲೆ ನಿಮ್ಮ ಅಡುಗೆಮನೆ ಗೋಡೆ ಕಾಯಿಸ್ತಿದೆ. ನೀವು ಅದಕ್ಕೆ ಬೈದಿದ್ದೇ ಬೈದಿದ್ದು."

ಬೈದದ್ದು ಮಾತ್ರವಲ್ಲ. ಸೆಕೆ ತಡೆಯಲಾರದೆ, ಬೆಳ್ಳುಳ್ಳಿ ಜಜ್ಜುವ ಮರದ ಗುಂಡಿನಿಂದ ದಿನಾ ಬೆಳಿಗ್ಗೆ ಆ ಗೋಡೆಗೆ ದಬದಬ ಬಡಿಯುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಅವಳ ಮುಖ ಕೆಂಪಾಯಿತು.

ಬೇಕರಿಯ ನಾಲ್ವರು ಹಿಟ್ಟಿನ ಕೈಯಲ್ಲೇ ಬಂದು ಪಿಯಾನೋವನ್ನು ಅಡುಗೆಮನೆಗೆ ತಳ್ಳಿದರು. ಊಟದ ಮೇಜು ಹಜಾರಕ್ಕೆ ಬಂತು. ಗೋಡೆಗೂ ಪಿಯಾನೋಗೂ ನಡುವೆ ಎವೆಲಿಯೊ ಒಂದು ಗೇಣು ಜಾಗ ಬಿಟ್ಟ.

"ಇದಕ್ಕಿಂತ ಹತ್ರ ತಂದ್ರೆ ಬಿಸ್ಕತ್ತಾಗತ್ತೆ" ಎಂದ.

"ನನ್ನ ಬಾಯಿ ಕೆಟ್ಟದ್ದು ಕಣಯ್ಯ. ಮನಸ್ಸಲ್ಲಿ ಇಟ್ಕೋಬೇಡ."

"ನೀವು ಗೋಡೆ ಬಡೀದಿದ್ರೆ ನಮ್ಮ ಹುಡುಗರು ಹೊತ್ತಿಗೆ ಸರಿಯಾಗಿ ಏಳ್ತಾನೇ ಇರ್ಲಿಲ್ಲ ಬಿಡಿ."

ಲಿಯೊಕಾಡಿಯಾ ಪಿಯಾನೋದೊಳಗಿನ ಬಿಳಿ ಬಲ್ಬನ್ನು ತಿರುಗಿಸಿ ತೆಗೆದಳು. ಇನ್ನು ಅದರ ಕರೆಂಟೂ ಉಳಿಯಿತು. ದಿನಕ್ಕೊಂದೆರಡರಂತೆ ಕೀಗಳು ಸಡಿಲವಾದವು. ಮೊಂಡು ಹಿಡಿದು ಕೂತಿದ್ದ ಕೊನೆಯದು ಒಂಬತ್ತನೆಯ ದಿನ ಬೆಳಿಗ್ಗೆ ಒತ್ತಿದ ಬೆರಳನ್ನು ಹಿಂಬಾಲಿಸಿ ತಾನಾಗಿಯೇ ಮೇಲೆದ್ದಿತು. ಅವಳಿಗೆ ಕಣ್ಣು ತುಂಬಿ ಬಂತು. ತಾಯಿ ಕಲಿಸಿದ ಮೊದಲ ಪಾಠವನ್ನು ಪೂರ್ತಿ ನುಡಿಸಿದಳು.

ಆಮೇಲೆ ಎದ್ದು, ಮರದ ಗುಂಡನ್ನು ತೆಗೆದುಕೊಂಡು ಗೋಡೆಗೆ ಮೆಲ್ಲಗೆ ಎರಡು ಸಲ ತಟ್ಟಿದಳು. ಆಚೆ ಕಡೆ ಕೆಲಸದ ಸದ್ದೆಲ್ಲ ಒಂದು ಗಳಿಗೆ ನಿಂತಿತು. ನಂತರ, ಬ್ರೆಡ್ಡು ತೆಗೆಯುವ ಉದ್ದನೆಯ ಕೋಲಿನ ತುದಿಯಿಂದ ಯಾರೋ ಅಷ್ಟೇ ಮೆಲ್ಲಗೆ ಎರಡು ಸಲ ತಟ್ಟಿದರು.