ಮಗಳ ಆಫೀಸಿಗೆ ಹೋದ ನೀರು

ಟಿಕ್ ಅಂತು, ಮತ್ತೆ ಟಿಕ್, ಯಂತ್ರದ ಕೈ ಕೆಳಗಿಳಿಯಿತು, ಸೂಜಿ ಬಾಟಲಿಯೊಳಗೆ ಅದ್ದಿ ಒಂದು ಗುಟುಕು ನೀರು ಹೀರಿ ಮೇಲೆದ್ದಿತು, ಪಕ್ಕದ ಕೊಳವೆಗೆ ಬಿಟ್ಟಿತು, ತನ್ನ ಮೂತಿ ತಾನೇ ತೊಳೆದುಕೊಂಡಿತು — ಎಷ್ಟು ಮಡಿ ಇದಕ್ಕೆ, ನಮ್ಮವ್ವನಿಗಿಂತ ಹೆಚ್ಚು ಎಂದು ಪುಷ್ಪಲತಾ ನಕ್ಕಿದ್ದಳು, ಹರಪನಹಳ್ಳಿಯ ಈ ನೀರು ಪರೀಕ್ಷೆಯ ಕೋಣೆಗೆ ಯಂತ್ರ ಬಂದ ದಿನ, ಸೋಸುವುದು, ಅಳೆಯುವುದು, ಔಷಧಿ ಬೆರೆಸುವುದು ಎಲ್ಲ ಇನ್ನು ಇದೇ ಮಾಡುತ್ತೆ ಮೇಡಂ, ಮನುಷ್ಯರ ಕೈ ಸೋಕೋದಿಲ್ಲ, ತಪ್ಪೇ ಆಗೋದಿಲ್ಲ ಎಂದಿದ್ದ ಅದನ್ನು ಕೂಡಿಸಲು ಬಂದ ಎಂಜಿನಿಯರು, ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಇದರ ಕೈಗೆ ಕೆಸರೇ ಇಲ್ಲ — ಹಂಪೇಶ್ ಫೋನ್ ಎತ್ತುತ್ತಿಲ್ಲ, ಮತ್ತೆ ಒತ್ತು, ರಿಂಗ್ ಆಗುತ್ತಿದೆ, ತಂಗಿ ಸುಕನ್ಯಾಳ ಗಂಡ ಅವನು, ಆಂಬ್ಯುಲೆನ್ಸಿನಲ್ಲಿ ಕೂತಿದ್ದಾನೆ, ತೊಡೆಯ ಮೇಲೆ ಕೂಸು, ಕೊಟ್ಟೂರಿನಿಂದ ದಾವಣಗೆರೆಗೆ ಹೊರಟ ಗಾಡಿ ಈ ಊರಿನ ಮೇಲೇ ಹಾಯಬೇಕು, ಬಂತೇ, ದಾಟಿತೇ, ಎತ್ತು ಹಂಪೇಶ್, ಎತ್ತಪ್ಪ, ಅದು ಎದೆಯ ಕಾಯಿಲೆ ಅಲ್ಲ.

ಬೆಳಿಗ್ಗೆ ಕೂಸಿನ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತಂತೆ, ಉಗುರೂ ಹಾಗೇ, ಅಳಲೂ ಶಕ್ತಿಯಿಲ್ಲ, ಕೊಟ್ಟೂರಿನ ಡಾಕ್ಟರು ಮೊದಲು ಕೇಳಿದ್ದೇ ನೀರಿನ ಮಾತು, ಪುಡಿ ಹಾಲಿಗೆ ಯಾವ ನೀರು ಹಾಕ್ತೀರಿ, ಬೋರಿಂದಾ, ಸುತ್ತ ಮೆಕ್ಕೆಜೋಳದ ಹೊಲ ಅದಾವಾ, ಗೊಬ್ಬರ ನೀರಿಗಿಳಿದು ನೈಟ್ರೇಟ್ ಆಗಿದ್ದರೆ ಕೂಸಿನ ರಕ್ತ ಉಸಿರು ಹೊರೋದಿಲ್ಲ, ಅದಕ್ಕೊಂದು ಇಂಜೆಕ್ಷನ್ ಐತಿ — ಸರಿಯಾದ ದಾರಿಗೇ ಬಂದಿದ್ದರು ಪುಣ್ಯಾತ್ಮರು, ಹಂಪೇಶನೇ ಫೋನು ಮುಂದೆ ಹಿಡಿದ, ಇಲ್ರಿ ಸರ್, ನೀರು ಛಲೋ ಐತಿ, ನಮ್ಮ ಅಕ್ಕಾರ ಟೆಸ್ಟ್ ಮಾಡ್ಯಾರ, ಇಲ್ಲಿ ನೋಡ್ರಿ — ನಿನ್ನೆ ಪುಷ್ಪಲತಾಳೇ ಕಳಿಸಿದ ವರದಿ, ಹಿಗ್ಗಿ ಕಳಿಸಿದ್ದಳು, ತವರಿನ ಬೋರಿನಲ್ಲಿ ನೈಟ್ರೇಟ್ ಹೆಸರಿಗೆ ಮಾತ್ರ ಎಂದು, ಡಾಕ್ಟರು ನೋಡಿದರು, ಹಾಗಾದರೆ ಹೃದಯದ್ದೇ ತೊಂದರೆ ಇರಬೇಕು, ದಾವಣಗೆರೆಗೆ ಒಯ್ಯಿರಿ ಎಂದರು, ಅವರಾದರೂ ಏನು ಮಾಡಬೇಕು, ಯಂತ್ರ ಸಿದ್ಧ ಮಾಡಿದ ನೀರು, ಯಂತ್ರ ಓದಿದ ಅಂಕಿ, ಸುಳ್ಳು ಹೇಳಲು ಅದಕ್ಕೆ ಬರುವುದಿಲ್ಲ.

ಈಗಷ್ಟೇ ಅವ್ವನ ಫೋನ್, ಬರೀ ಅಳು, ಅಳುವಿನ ನಡುವೆ ಏನೋ, ಬಿಡಿಸಿ ಹೇಳವ್ವ — ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿತ್ತು, ಮನೆಯಲ್ಲಿ ಉಳಿದಿದ್ದು ಕ್ಯಾನಿನ ತಳದಲ್ಲಿ ಒಂದಿಷ್ಟು ಒಳ್ಳೆ ನೀರು, ಬಾಣಂತನಕ್ಕೆ ಬಂದ ಸುಕನ್ಯಾಳ ಹಾಲು ಸಾಲದೆ ಪುಡಿ ಹಾಲು ಕುಡಿಯುವ ಕೂಸಿಗೆಂದು ಎತ್ತಿಟ್ಟದ್ದು, ಅಷ್ಟರಲ್ಲಿ ನೀರುಗಂಟಿ ಗಾದೆಪ್ಪ ಬಂದ, ಕರೆಂಟ್ ಇಲ್ಲ ಎರ್ರಮ್ಮಕ್ಕ, ಬೋರ್ ಚಾಲೂ ಆದ ಮ್ಯಾಲ ತುಂಬಿಡು ಎಂದು ಪರೀಕ್ಷೆಯ ಬಾಟಲಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದ, ಕರೆಂಟೂ ಬಂತು, ಅವ್ವ ನಳದ ಕೆಳಗೆ ಬಾಟಲಿ ಹಿಡಿದಳು, ಹಿಡಿದವಳು ಹಿಂದಕ್ಕೆ ತೆಗೆದಳು — ನನ್ನ ಮಗಳ ಆಫೀಸಿಗಿ ಹೋಗೂ ನೀರು, ಈ ಸವಳು ನೀರು ಹೆಂಗ ಕಳಸ್ಲಿ, ನಾಕ್ ಮಂದಿ ಮುಂದ ನಿನ್ನ ತಲಿ ತಗ್ಗಬಾರ್ದು ಅಂತ ಛಲೋ ನೀರು ಹಾಕಿದ್ನವ್ವ — ಕ್ಯಾನನ್ನು ಓರೆ ಮಾಡಿದಳು, ಕೊನೆಯ ಹನಿ ಇಳಿಯುವವರೆಗೂ. ಆಮೇಲೆ ಕೂಸಿಗೆ ಬೋರಿನ ನೀರು, ಸುಮ್ಮನೆ ಅಲ್ಲ, ಕುದಿಸಿ ಕುದಿಸಿ ಅರ್ಧಕ್ಕಿಳಿಸಿ, ಕುದಿಸಿದರೆ ಹುಳ ಸಾಯುತ್ತವೆ ಅವ್ವ, ನೈಟ್ರೇಟ್ ಸಾಯುವುದಿಲ್ಲ, ನೀರು ಇಂಗಿದಷ್ಟೂ ಅದು ಹೆಚ್ಚುತ್ತದೆ, ಬಂದವರಿಗೆ ಬೆಳಗಿದ ತಂಬಿಗೆಯಲ್ಲಿ ಒಳ್ಳೆ ನೀರು, ಮನೆಯವರಿಗೆ ಹೇಗೋ ನಡೆಯುತ್ತದೆ ಎಂದೇ ಬದುಕಿದವಳು, ಆ ಒಳ್ಳೆತನದ ಮೇಲೆಯೇ ಸಿಟ್ಟು ಬರುತ್ತಿದೆ, ಆ ತಳದ ನೀರಾದರೂ ಎರಡು ದಿನ ಬರುತ್ತಿತ್ತೇನೋ, ಅಷ್ಟೇ, ಆದರೆ ಆ ಎರಡು ದಿನ — ಹಾಲು ಕುಡಿದ ಮಕ್ಕಳೇ ಬದುಕೋದಿಲ್ಲ, ಇನ್ನು ವಿಷ — ಥೂ, ಈ ಗಾದೆ ಈಗಲೇ ನೆನಪಾಗಬೇಕೇ, ನಾಲಿಗೆ ಕಚ್ಚಿಕೊಂಡಳು.

ರಿಂಗ್ ನಿಂತಿತು, ಎತ್ತಿದ, ಎತ್ತಿದ — ಹಂಪೇಶ್, ಆ ರಿಪೋರ್ಟ್ ಬೋರಿನ ನೀರಿನದಲ್ಲ, ಎದಿ ರೋಗ ಅಲ್ಲ, ನೀರಿಂದ ಆಗೇತಿ, ದಾವಣಗೆರೆ ಡಾಕ್ಟ್ರಿಗೆ ಮೊದಲ ಅದನ್ನ ಹೇಳು, ಇಂಜೆಕ್ಷನ್ ಐತಿ, ಉಳೀತೈತಿ ಕೂಸು, ಕೇಳಾಕತ್ತೀಯಿಲ್ಲ — ಆ ಕಡೆ ಗಾಡಿಯ ಸದ್ದು, ಸೈರನ್ ಇಲ್ಲ, ಯಾಕೆ ಸೈರನ್ ಇಲ್ಲ, ಹಿಂದೆ ಸುಕನ್ಯಾಳ ದನಿಯೂ ಇಲ್ಲ, ಅಕ್ಕಾರ, ಗಾಡಿ ತಿರುಗಿಸೇವ್ರಿ, ಊರಿಗಿ ಹೊಂಟೀವಿ. ಇನ್ನು ಯಾವ ಇಂಜೆಕ್ಷನ್ನೂ ಬೇಕಿಲ್ಲ ಕೂಸಿಗೆ, ಅವ್ವ ಬಾಗಿಲಲ್ಲೇ ಕೂತಿರುತ್ತಾಳೆ, ಅವಳಿಗೆ ಏನು ಹೇಳುವುದು, ಎದೆಯ ಕಾಯಿಲೆಯೇ ಆಗಿತ್ತವ್ವ, ವರದಿ ಸರಿ ಇತ್ತು, ನೀರಿನದೇನೂ ತಪ್ಪಿಲ್ಲ ಎನ್ನಲೇ, ಎಂದರೆ ಅವ್ವ ಉಳಿಯುತ್ತಾಳೆ, ವರದಿಯೂ ಉಳಿಯುತ್ತದೆ, ಆ ವರದಿ ನಂಬಿ ಊರಿನ ಇನ್ನೊಂದು ಮನೆಯಲ್ಲಿ ಇನ್ನೊಬ್ಬಳು ನೀರು ಕುದಿಸುತ್ತಾಳೆ, ಎನ್ನಬಾರದು, ಎನ್ನದೆ ಹೇಗೆ, ಕಣ್ಣ ಮುಂದೆ ಕಟ್ಟೆಯ ಮೇಲೆ ಕೂತು ಅವ್ವ ಕ್ಯಾನನ್ನು ಓರೆ ಮಾಡುತ್ತಿದ್ದಾಳೆ, ಒಂದು ಹನಿಯೂ ಚೆಲ್ಲದ ಹಾಗೆ ಬಾಟಲಿಯ ಬಾಯಿಗೆ ಹಿಡಿದು, ಮಗಳ ಹೆಸರು ಹೇಳಿಕೊಂಡು, ಓರೆ ಮಾಡುತ್ತಿದ್ದಾಳೆ, ಇನ್ನೂ ಸ್ವಲ್ಪ ಓರೆ, ಇನ್ನೂ ಸ್ವಲ್ಪ